ಹೆಣದ ಗುದ್ಲೆಪ್ಪನ ಎಲಿ ಸಂಶೋಧನಾ

“ಕೇಳ್ರಪ್ಪೋ ಕೇಳ್ರಿ! ಸಮಸ್ತ ಸವಣೂರಿನ ಹಿರೇರು ಕಿರೇರು, ಹೆಣ್ಮಕ್ಕಳು ಗಂಡ್ಮಕ್ಕಳು ಲಕ್ಷ್ಯ ಕೊಟ್ಟು ಕೇಳ್ರಿ! ನಾಳೆ ಸೋಮವಾರ ಮುಂಜಾನೆ, ಬಿಸಲು ಏರೂದ್ರಾಗ, ಮಹಾಲಿಂಗಪ್ಪನವರ ತ್ವಾಟದಾಗ ಒಂದು ವೀಳ್ಯದೆಲಿ ತನ್ನ ಫೋಟೋ ತೆಗಿಸಿಕೊಳ್ಳೂದೈತಿ! ಆ ಹೊತ್ತಿನ್ಯಾಗ ತ್ವಾಟದ ಆಜೂಬಾಜೂ ಯಾರೂ ಸೀನಬಾರದು, ಕೆಮ್ಮಬಾರದು, ಓಡಬಾರದು, ಎಮ್ಮಿ ಹೊಡಕೊಂಡು ಹೋಗಬಾರದು! ಗಾಳಿಗೂ ಇದಽ ಹುಕುಂ! ಢಂ ಢಂ ಢಂ!”

ಹಲಗಿ ಮಾಳಪ್ಪ ಈ ಡಂಗುರಾನ ಪ್ಯಾಟಿಯೊಳಗ ಹೊಡದ, ಮಸೂತಿ ಮುಂದ ಹೊಡದ, ಮಠದ ಓಣಿಯೊಳಗ ಹೊಡದ. ಗಾಳಿಗೆ ಹುಕುಂ ಕೊಟ್ಟದ್ದು ಅವನ ಸ್ವಂತ ಬುದ್ಧಿ. ನವಾಬರ ಮನ್ಯಾಗ ಲಗ್ನ ಇದ್ದಾಗ ಎಂಥಾ ಗಂಭೀರ ಮಾರಿ ಮಾಡತಿದ್ನೋ, ಅಂಥಾದಽ ಮಾರಿ ಇವತ್ತೂ ಮಾಡಿದ್ದ.

ಖಾರದಂಗಡಿ ಮರಿಯಮಬಿ ಎಣ್ಣಿ ಬಾಣಲಿ ಮುಂದ ಕುಂತಾಕಿ ಝಾರಿ ಎತ್ತಿ ಹಿಡದು ಕೇಳಿದ್ಲು, “ಎಲಿಗೆ ಲಗ್ನ ಕೂಡೇತೇನೋ ಮಾಳ್ಯಾ? ಹುಡುಗನ ಕಡ್ಯಾವ್ರಿಗೆ ತೋರಸಾಕ ಫೋಟೋನ?”

“ಲಗ್ನ ಅಲ್ಲಬೇ. ಸಂಶೋಧನಾ.”

“ಹಂಗಂದ್ರ?”

ಮಾಳಪ್ಪ ಹಲಗಿ ಹೆಗಲಿಗೆ ಏರಿಸಿಕೊಂಡ. “ಹಂಗಂದ್ರ ಎಲ್ಲಾರಿಗೂ ಕಾಣೂದನ್ನ ಪುಣೇದಾವ್ರು ಬಂದು ನೋಡೂದು.”

ಮಹಾಲಿಂಗಪ್ಪನ ರೊಕ್ಕದಿಂದ ಡಂಗುರ ಹೊಡಿಸಿದಾಂವ ಮರಿಯಮಬಿ ಅಂಗಡಿ ಮಗ್ಗಲದ ಫೋಟೋ ಸ್ಟುಡಿಯೋದ ಗುದ್ಲೆಪ್ಪ. ಸ್ಟುಡಿಯೋ ಅಂದ್ರ ಒಂದು ಪಡಸಾಲಿ, ಒಂದು ಕತ್ತಲ ಖೋಲಿ, ಮೂರು ಕಾಲಿನ ಮ್ಯಾಲೆ ನಿಂತ ಒಂದು ಪೆಟ್ಟಿಗಿ ಕ್ಯಾಮರಾ. ಬೋರ್ಡಿನ ಮ್ಯಾಲೆ ‘ಗುದ್ಲೆಪ್ಪ ಅಂಡ್ ಸನ್ಸ್’ ಅಂತ ಬರಿಸಿದ್ದ. ಸನ್ಸ್ ಇನ್ನೂ ಹುಟ್ಟಿರಲಿಲ್ಲ, ಬೋರ್ಡು ಮಾತ್ರ ಅವಸರ ಮಾಡಿ ಹುಟ್ಟಿತ್ತು. ಊರ ಮಂದಿ ಬೋರ್ಡು ಓದತಿರಲಿಲ್ಲ. ಅವರ ಬಾಯಾಗ ಅಂವ ಹೆಣದ ಗುದ್ಲೆಪ್ಪ.

ಆ ಹೆಸರು ಬಂದದ್ದಕ್ಕ ಅವನ ತಪ್ಪೇನೂ ಇರಲಿಲ್ಲ. ಮನಿ ಹಿರೇರು ತೀರಕೊಂಡ್ರ ಅವರನ್ನ ಕುಂಡ್ರಿಸಿ, ಹಣಿ ತುಂಬ ವಿಭೂತಿ ಹಚ್ಚಿ, ಜರದ ರುಮಾಲು ಸುತ್ತಿ, ಮಾಲಿ ಹಾಕಿ, ಸುತ್ತ ಮನಿಮಂದಿ ಎಲ್ಲಾ ನಿಂತು ಒಂದು ಫೋಟೋ ತೆಗಿಸೂದು ಅಲ್ಲಿಯ ರೂಢಿ. ಜೀವಮಾನದಾಗ ಕ್ಯಾಮರಾ ಮಾರಿ ನೋಡದಾವ್ರಿಗೆ ಅದಽ ಮೊದಲನೇ ಫೋಟೋ, ಅದಽ ಕಡೀದು. ಶಿಗ್ಗಾವಿಯಿಂದ ಹತ್ತಿಮತ್ತೂರಿನತನಕ ಎಲ್ಲಿ ಅಳೂ ದನಿ ಕೇಳಿದ್ರೂ ಗುದ್ಲೆಪ್ಪನ್ನ ಕರೀತಿದ್ರು. ಹೆಣ ಇದ್ದಲ್ಲಿ ಅವಗ ಹಣ. ಅವನ ಕ್ಯಾಮರಾದ ಕಣ್ಣು ತೆರದು ಮುಚ್ಚೂದ್ರಾಗ ಒಂದು ಎಲಿ-ಅಡಿಕಿ ಹಾಕ್ಕೊಂಡು ಮುಗಸಬಹುದಾಗಿತ್ತು. ಅಷ್ಟೊತ್ತು ಯಾರು ಅಲಗಾಡದಽ ನಿಂದರತಾರ? ಹಿಂಗಾಗಿ ಅವನ ಫೋಟೋದಾಗ ಸತ್ತಾಂವ ಒಬ್ಬನಽ ಮೀಸಿ ಕೂದಲ ಎಣಸೂವಂಗ ಸ್ಪಷ್ಟ ಕುಂತಿರತಿದ್ದ. ಬದುಕಿದ್ದಾವ್ರೆಲ್ಲಾ ಅಲಗ್ಯಾಡಿ, ಹೊಗಿ ಹೊಗಿ ಆಗಿ, ದೆವ್ವದಂಗ ಸುತ್ತ ನಿಂತಿರತಿದ್ರು.

ಇದನ್ನ ನೋಡಿ ಬದುಕಿದ್ದಾವ್ರು ಅವನ ಕಡೆ ಬರೂದಽ ಬಿಟ್ರು. ಅಂವ ಕರಿ ಅರಿವಿಯೊಳಗ ತಲಿ ಹಾಕಿ ನೋಡಿದ್ರ ಆಯುಷ್ಯ ಒಂದು ಗೇಣು ಮೊಟಕ ಆಕ್ಕೈತಿ ಅಂತ ಸುದ್ದಿ ಹಬ್ಬಿತ್ತು. ಯಾರಿಗರ ಜ್ವರ ಬಂದಾಗ ಗುದ್ಲೆಪ್ಪ ಆ ಓಣ್ಯಾಗ ಹಾದು ಹೊಂಟ್ರ, ಮನಿಯಾವ್ರು ಕದ ತಗದು, “ಇನ್ನೂ ಅದಾರಪ್ಪಾ, ಇನ್ನೂ ಅದಾರ, ನೀ ಮುಂದ ನಡಿ,” ಅಂತಿದ್ರು. ಲಗ್ನದ ಫೋಟೋಕ್ಕ ಹುಬ್ಬಳ್ಳಿಯಿಂದ ಒಬ್ಬಾಂವ ರೈಲಿನ್ಯಾಗ ಯಲವಿಗಿಗೆ ಇಳದು ಬರತಿದ್ದ. ಹಿರೇಕೆರೂರಿನ ಮಾವನ ಮನ್ಯಾಗ ಲಗ್ನ ಕೂಡಿದಾಗ ಹೆಂಡ್ತಿ ಸುಶೀಲವ್ವಗ ಹೇಳಿಕಳಿಸಿದ್ರು: “ಗಂಡನ್ನ ಕರಕೊಂಡು ಬಾ, ಪೆಟ್ಟಿಗಿ ಬಿಟ್ಟು ಬಾ.”

“ಸುಶೀಲಾ, ನನಗ ಏನೂ ಬ್ಯಾಡ,” ಅಂತಿದ್ದ ಗುದ್ಲೆಪ್ಪ. “ಬಾಗಲದಾಗ ನಿಂತಾಗ ಒಬ್ಬ ಮನಷ್ಯಾ ನಕ್ಕೋಂತ ಬರ್ರಿ ಅಂದ್ರ ಸಾಕು. ಅಳಕೋಂತ ಬರ್ರಿ ಅನ್ನೂದು ಕೇಳಿ ಕೇಳಿ ಕಿವಿ ಹಸಿ ಆಗ್ಯಾವ.”

ಇಂಥಾ ಹೊತ್ತಿನ್ಯಾಗ ವೀಳ್ಯದೆಲಿ ತ್ವಾಟಕ್ಕ ಕರಿ ಚುಕ್ಕಿ ರೋಗ ಬಂತು. ಅದರ ಹಿಂದಽ ಪುಣೆಯಿಂದ ಪ್ರೊಫೆಸರ್ ಘಾಣೇಕರ ಬಂದ್ರು. ಉದ್ದ ಕೋಟು, ಮೂಗಿನ ತುದಿಗೆ ಚಸ್ಮಾ, ಮರಾಠಿ ಒಗ್ಗರಣಿ ಹಾಕಿದ ಕನ್ನಡ. ಎಲಿ ರೋಗದ ಸಂಶೋಧನಾ ಅವರ ಕಸುಬು. ಮಹಾಲಿಂಗಪ್ಪನ ತ್ವಾಟ ನೋಡಿ, ಅವನ ಪಡಸಾಲ್ಯಾಗ ಚಹಾ ಕುಡಿಯೂ ಮುಂದ ಗ್ವಾಡಿ ಮ್ಯಾಲಿನ ಫೋಟೋಕ್ಕ ಅವರ ಕಣ್ಣು ಬಿತ್ತು.

“ಅರೆ ವ್ಹಾ! ಇವರು ಯಾರು?”

“ನಮ್ಮಪ್ಪರೀ,” ಅಂದ ಮಹಾಲಿಂಗಪ್ಪ.

“ಎಷ್ಟು ಜೀವಂತ ಕಾಣತಾರ! ಕಣ್ಣಿನ ರೆಪ್ಪಿ ಸುದ್ದಾ ಕಾಣತದ!”

“ತೀರಕೊಂಡ ಮ್ಯಾಲೆ ತೆಗಿಸಿದ್ದರಿ.”

ಪ್ರೊಫೆಸರರ ಕೈಯಾಗಿನ ಚಹಾದ ಕಪ್ಪು ಬಾಯಿ ಹಂತೇಕ ನಿಂತಽ ಬಿಡ್ತು. ಕಪ್ಪು ಕೆಳಗಿಟ್ಟು, “ಈ ಫೋಟೋದಾಂವನ್ನ ಈಗಿಂದೀಗ ಕರೀರಿ,” ಅಂದ್ರು.

ಕರಿಯಾಕ ಬಂದಾಂವನ್ನ ನೋಡಿ ಗುದ್ಲೆಪ್ಪ ರೂಢಿ ಪ್ರಕಾರ ಮಾರಿ ಸಣ್ಣದು ಮಾಡಿ, “ಯಾರು ಹೋದ್ರಪ್ಪಾ?” ಅಂತ ಕೇಳಿದ. ಯಾರೂ ಹೋಗಿಲ್ಲ, ಯಾರೋ ಬಂದಾರ ಅಂತ ಕೇಳಿ ಅವಗ ಖುಷಿ ಪಡಬೇಕೋ ಅಂಜಬೇಕೋ ತಿಳೀಲಿಲ್ಲ.

ಪ್ರೊಫೆಸರ್ ವಿಷಯ ಬಿಡಿಸಿ ಹೇಳಿದ್ರು. ಪುಣೇದ ಅವರ ಕಾಲೇಜಿಗೆ ಒಬ್ಬ ಸಂಶೋಧನಾ ಛಾಯಾಗ್ರಾಹಕ ಬೇಕಾಗಿದ್ದ. ರೋಗ ಹತ್ತಿದ ಎಲಿ ಚಿತ್ರ ವಾರಕ್ಕೊಮ್ಮಿ ತಗೀಬೇಕು. ಅದಽ ಬಳ್ಳಿ, ಅದಽ ಎಲಿ. ಚುಕ್ಕಿ ಹ್ಯಾಂಗ ಹುಟ್ಟತಾವ, ಹ್ಯಾಂಗ ಹಬ್ಬತಾವ ಅಂತ ಚಿತ್ರದಾಗ ಕಾಣಬೇಕು. ಮುಂದ ಸೂಕ್ಷ್ಮದರ್ಶಕಕ್ಕ ಕ್ಯಾಮರಾ ಜೋಡಿಸಿ ಎಲಿಯ ನರಾ ನರಾ ತಗೀಬೇಕು. ಸವಣೂರಾಗಽ ಕೆಲಸ, ತಿಂಗಳ ಪಗಾರ, ಕಾಲೇಜಿನ ಹುದ್ದೆ. ಮುಂಬೈದ ಆಹಾರ ಬೆಳಿ ಸಂಶೋಧನಾ ಮಂಡಳಿ ಹೂಂ ಅನಬೇಕು, ಅಷ್ಟ. ಅದಕ್ಕ ಮೊದಲು ಪರೀಕ್ಷಾ ಅಂತ ಒಂದಿಷ್ಟು ವಾರ ತಗದು ಪುಣೆಗೆ ಕಳಸಬೇಕು.

ಎಲಿಗೆ ರೋಗ, ಗುದ್ಲೆಪ್ಪಗ ಯೋಗ. ಮನಿಗೆ ಬಂದಾಂವ ಹೆಂಡ್ತಿ ಮುಂದ ನೆಟ್ಟಗ ನಿಂತು ಹೇಳಿದ: “ಸುಶೀಲಾ, ಈ ನೌಕರಿ ಸಿಕ್ಕ ದಿವಸ ಹೆಣಾ ಬಿಟ್ಟೆ. ಇಷ್ಟ ದಿವಸ ಶೋಕದಾಂವ, ಇನ್ನ ಶೋಧದಾಂವ!”

“ಎಲಿ ಆದ್ರೂ ಜೀವ ಇದ್ದದ್ದು,” ಅಂದ್ಲು ಸುಶೀಲವ್ವ. “ಅಷ್ಟಽ ಸುಧಾರಣಾ.”

ಸೋಮವಾರ ಮುಂಜಾನೆ ತ್ವಾಟಕ್ಕ ಹೋಗಿ ನೋಡತಾನ, ಮಹಾಲಿಂಗಪ್ಪ ಬಳ್ಳಿ ಬುಡಕ್ಕ ನೀರು ಹೊಡಿಸಿ, ಹಬ್ಬದ ಧೋತರ ಉಟ್ಟು ನಿಂತಿದ್ದ. ಎಲಿ ತ್ವಾಟದಾಗ ಚಪ್ಪಲಿ ಮೆಟ್ಟಾಂಗಿಲ್ಲ, ಹಿಂಗಾಗಿ ಎಲ್ಲಾರೂ ಬರಿಗಾಲಿನ್ಯಾಗ. ಕ್ಯಾಮರಾದ ಮೂರೂ ಕಾಲು ಸೈತ ತೊಳಿಸಿದ್ರು.

“ಗುದ್ಲೆಪ್ಪಾ, ನಮ್ಮ ತ್ವಾಟದ ಎಲಿ ಪುಣೆದಾಗ ಮೆರೀತೈತಿ,” ಅಂದ ಮಹಾಲಿಂಗಪ್ಪ. “ನಾಕ ಮಂದ್ಯಾಗ ಮರ್ಯಾದಿ ಹೋಗದಂಗ ತಗಿಯಪ್ಪಾ. ಹೆಣ್ಣು ತೋರಿಸಿದಂಗ ಐತಿ ಇದು.”

ಎಲಿಬಳ್ಳಿ ನೆರಳಿನ್ಯಾಗ ಬೆಳಿಯೂದು. ನೆರಳಾದ್ರ ಕ್ಯಾಮರಾದ ಕಣ್ಣು ಭಾಳೊತ್ತು ತೆರದಿರಬೇಕು. ಅಷ್ಟೊತ್ತು ಎಲಿ ಅಲಗಾಡಬಾರದು. ಹೆಣ ಹೇಳಿದ ಮಾತು ಕೇಳತಿತ್ತು, ಎಲಿ ಕೇಳವಲ್ದು. ಗುದ್ಲೆಪ್ಪ ಕರಿ ಅರಿವಿಯೊಳಗಿಂದ, “ಸುಮ್ಮ ಕುಂದರವಾ ತಾಯಿ, ಒಂದು ಗಳಿಗಿ ಸುಮ್ಮ ಕುಂದರು,” ಅಂತ ರಮಿಸಿದ. ಎಲಿ ಸುಮ್ಮನಾತು. ಮುಚ್ಚಳ ತಗದ. ಅಷ್ಟರಾಗ ಮಹಾಲಿಂಗಪ್ಪ, ಡಂಗುರಕ್ಕ ರೊಕ್ಕ ಕೊಟ್ಟಾಂವನಽ, ನಶ್ಯಾಪುಡಿ ಏರಿಸಿದ ಮೂಗಿನಿಂದ ಎಂಥಾ ಸೀನು ಸೀನಿದ ಅಂದ್ರ ಬಾಜೂ ಬಳ್ಳಿಯ ಹಣ್ಣೆಲಿ ಎರಡು ಉದರಿ ಬಿದ್ದವು.

“ಗಾಳಿಗೆ ಹುಕುಂ ಕೊಟ್ಟಿದ್ವಿ, ನಿಮ್ಮ ಮೂಗು ಲೆಕ್ಕಕ್ಕ ಬರಲಿಲ್ರಿ!” ಅಂತ ಒಳಗಿಂದಽ ಒದರಿದ ಗುದ್ಲೆಪ್ಪ. ಮತ್ತ ಒಂದು ಪ್ಲೇಟು ಹಾಕಿದ. ಈ ಸರ್ತೆ ಮಹಾಲಿಂಗಪ್ಪ ಧೋತರದ ಚುಂಗು ಮೂಗಿಗೆ ಒತ್ತಿ ಹಿಡದು ಕೆಂಪಗ ಆಗಿ ನಿಂತ. ಎಲಿ ಬಂತು. ಹೆಣದಷ್ಟಽ ಸ್ಪಷ್ಟ ಬಂತು.

ಮಧ್ಯಾಹ್ನ ಕತ್ತಲ ಖೋಲ್ಯಾಗ ಪ್ಲೇಟು ತೊಳದು, ಗುದ್ಲೆಪ್ಪ ಬೆಳಕಿಗೆ ಹಿಡದು ನೋಡಿದ. ಎಂಥಾ ಚೆಲುವಿ ಎಲಿ! ಬಾದಾಮಿ ಆಕಾರ, ಚೂಪು ತುದಿ, ಮೈಯೆಲ್ಲಾ ನರ. ಆದ್ರ ಮಾರಿ ತುಂಬ ಚುಕ್ಕಿ. ಮೈಲಿಬ್ಯಾನಿ ಕಲಿ ಬಿದ್ದ ಹುಡುಗಿ ಮಾರಿ ಇದ್ದಂಗ.

ಇಂಥಾ ಮಾರಿಗೆ ಏನು ಮಾಡಬೇಕು ಅನ್ನೂದು ಅವಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸತ್ತಾವ್ರ ಮಾರಿ ಮ್ಯಾಲಿನ ಕಲಿ, ಗಾಯ, ನರೂಲಿ ಎಲ್ಲಾನೂ ಗಾಜಿನ ಪ್ಲೇಟಿನ ಮ್ಯಾಲೆ ಸಣ್ಣ ಪೆನ್ಸಿಲ್ಲಿಂದ ತಿದ್ದೂದು ಕಸಬಿನ ಮರ್ಯಾದಿ. ಕಪ್ಪು ಚುಕ್ಕಿ ಪ್ಲೇಟಿನ್ಯಾಗ ಬೆಳ್ಳಗ ತೆರಪು ಕಾಣತೈತಿ. ಆ ತೆರಪಿನ ಮ್ಯಾಲೆ ಪೆನ್ಸಿಲ್ ಆಡಿಸಿದ್ರ ಫೋಟೋದಾಗ ಚುಕ್ಕಿ ಮಾಯ. ಗುದ್ಲೆಪ್ಪ ನಾಲಿಗಿ ತುದಿ ಹೊರಗ ಹಾಕಿ, ಉಸರು ಬಿಗಿ ಹಿಡದು, ಒಂದಽ ಒಂದು ಚುಕ್ಕಿ ಬಿಡಲಾರದಂಗ ತಿದ್ದಿದ. ಛಾಪಿಸಿದ ಮ್ಯಾಲೆ ನೋಡಿದ್ರ ಎಲಿ ಈಗ ಹಸೆಮಣಿ ಏರೂವಂಗಿತ್ತು.

“ಪುಣೆಕ್ಕ ಕಳಸೂದು, ಕುರೂಪ ಕಳಸಾಕ ಬರತೈತೇನು?” ಅಂದ ಸುಶೀಲವ್ವಗ. ಆಕಿನೂ ಕಣ್ಣರಳಿಸಿ ಹೌದೌದು ಅಂದ್ಲು. ವಾರಾ ವಾರಾ ಚುಕ್ಕಿ ಹೆಚ್ಚಾದವು, ವಾರಾ ವಾರಾ ಪೆನ್ಸಿಲ್ ಸಣ್ಣಾತು, ವಾರಾ ವಾರಾ ಪುಣೆಗೆ ಹೊಂಟ ಎಲಿಗೊಳಿಗೆ ಇನ್ನಷ್ಟು ಕಳೆ ಏರ್ತು.

ಒಂದು ದಿವಸ ಪುಣೆಯಿಂದ ತಾರು ಬಂತು. ತಾರು ಬಂತಂದ್ರ ಓಣಿ ಅಳಾಕ ತಯಾರಾಗತಿತ್ತು. ಮರಿಯಮಬಿ ಬಾಣಲಿ ಇಳಿಸಿ ಸೆರಗು ಬಾಯಿಗೆ ಇಟ್ಟುಕೊಂಡಽ ಬಂದಿದ್ಲು. ಪೋಸ್ಟ್ ಮಾಸ್ತರ ಓದಿ ಹೇಳಿದ್ರು: ರೋಗ ಪೂರಾ ವಾಸಿ ಆದದ್ದು ಆಶ್ಚರ್ಯ, ಏನು ಔಷಧ ಹೊಡದೀರಿ, ಘಾಣೇಕರ ಹೊರಟಾರ.

ಊರಿಗೆ ಹುಚ್ಚು ಹಿಡೀತು. ಮಹಾಲಿಂಗಪ್ಪ, “ನಮ್ಮಪ್ಪನ ಕಾಲದ ಹುಳಿ ಮಜ್ಜಿಗಿ ಹೊಡದೇನಿ, ಅದರಿಂದಽ,” ಅಂದ. ಅಂವ ಅದನ್ನ ಹೊಡದದ್ದು ಒಂದಽ ಬಳ್ಳಿಗೆ, ಅದೂ ಮಜ್ಜಿಗಿ ಗಡಿಗಿ ಕೈ ಜಾರಿ. ಮರಿಯಮಬಿ ಬಿಡತಾಳ? “ಮಜ್ಜಿಗಿ ಏನು ಮಾಡೀತು! ನನ್ನ ಖಾರದ ಘಾಟು ತ್ವಾಟಕ್ಕ ಬಡೀತೈತಿ. ಮನಷ್ಯಾರಿಗೆ ಮೂಗು ಸೋರತೈತಿ, ರೋಗಕ್ಕ ಜೀವ ಹೋಗದಽ ಇರತೈತೇನು?” ಸಂಜೀತನಕ ಇಬ್ಬರ ನಡುವ ಮಜ್ಜಿಗಿ ಮೇಲೋ ಮೆಣಸಿನಕಾಯಿ ಮೇಲೋ ಅಂತ ವಾದ. ಗುದ್ಲೆಪ್ಪ ಎರಡೂ ಕಡೆ ಗೋಣು ಹಾಕಿದ. ವಾಸಿ ಆದದ್ದು ಎಲ್ಲಿ, ಯಾವಾಗ ಅಂತ ಮಾತ್ರ ಯಾರೂ ತ್ವಾಟಕ್ಕ ಹೋಗಿ ನೋಡಲಿಲ್ಲ. ತಾರಿನ್ಯಾಗ ಬಂದದ್ದನ್ನ ಮತ್ತ ಕಣ್ಣಿಲೆ ನೋಡೂ ಗರಜೇನಿತ್ತು?

ಪ್ರೊಫೆಸರ್ ಯಲವಿಗಿಗೆ ಇಳದು, ಚಕ್ಕಡ್ಯಾಗ ಕುಂತು ಸವಣೂರಿಗೆ ಬಂದಾವ್ರಽ ತ್ವಾಟಕ್ಕ ಓಡಿದ್ರು. ಬೂಟು ಬಿಚ್ಚಿದ್ರು, ಒಳಗ ಹೋದ್ರು, ಬಳ್ಳಿ ಮುಂದ ಬಗ್ಗಿದ್ರು. ಎಲಿ ತುಂಬ ಕರಿ ಚುಕ್ಕಿ. ಫೋಟೋ ತಗದು ನೋಡಿದ್ರು, ಚೊಕ್ಕ ಎಲಿ. ಮತ್ತ ಬಳ್ಳಿ ನೋಡಿದ್ರು, ಚುಕ್ಕಿ. ಚಸ್ಮಾ ಒರಿಸಿಕೊಂಡು ನೋಡಿದ್ರು. ಚುಕ್ಕಿ ಇನ್ನಷ್ಟು ಚೊಲೋ ಕಂಡವು.

“ಗುದ್ಲೆಪ್ಪ, ಈ ಚುಕ್ಕಿ ಫೋಟೋದಾಗ ಯಾಕ ಇಲ್ಲ?”

ಗುದ್ಲೆಪ್ಪ ನಾಚಿಕೊಂಡು ನಕ್ಕ. “ನಾನಽ ತಗದೇನಿರಿ. ಒಂದೂ ಬಿಟ್ಟಿಲ್ಲರಿ. ಅದನ್ನ ಬಿಲ್ಲಿನ್ಯಾಗ ಹಾಕಿಲ್ಲರಿ, ನಿಮ್ಮ ಮ್ಯಾಲಿನ ಅಭಿಮಾನಕ್ಕ ಮಾಡೇನಿ.”

ಪ್ರೊಫೆಸರರು ಬಳ್ಳಿ ಬುಡಕ್ಕಽ ಕುಂತು ಬಿಟ್ರು. “ಅರೆ ದೇವಾ! ನನಗ ಬೇಕಾದದ್ದಽ ಆ ಚುಕ್ಕಿ! ಎಲಿ ತಗೊಂಡು ನಾನೇನು ಮಾಡಲಿ?”

ಗುದ್ಲೆಪ್ಪನ ಎದಿಯೊಳಗಿಂದ ನೌಕರಿ, ಪಗಾರ, ನಕ್ಕೋಂತ ಬರ್ರಿ ಅನ್ನೂ ಮಂದಿ, ಎಲ್ಲಾ ಒಂದೊಂದಾಗಿ ಎದ್ದು ಹೊಂಟಂಗಾತು. ಮರಿಯಮಬಿ ಬೇಲಿ ಆಚಿಂದ, “ಮಾರಿ ಮ್ಯಾಲಿನ ಕಲಿ ತಗದಾಂವನ್ನ ಬೈತಾರಲ್ಲಾ, ಇದ್ಯಾವ ಕಲಿಗಾಲ,” ಅಂದ್ಲು.

ಪ್ರೊಫೆಸರ್ ಹೋಗೂಕಿಂತ ಮೊದಲು ಸ್ಟುಡಿಯೋಕ್ಕ ಬಂದು ಒಮ್ಮಿ ಪ್ಲೇಟು ನೋಡತೇನಿ ಅಂದ್ರು. ಗುದ್ಲೆಪ್ಪ ಗಾಜು ತಂದು ಕಿಡಕಿ ಬೆಳಕಿಗೆ ಹಿಡದ. ಪ್ರೊಫೆಸರರು ಒಂದು ಪ್ಲೇಟು ನೋಡಿದ್ರು, ಇನ್ನೊಂದು ನೋಡಿದ್ರು. ಆಮ್ಯಾಲೆ ಎಲ್ಲಾ ಪ್ಲೇಟೂ ಸಾಲಾಗಿ ಕಿಡಕಿಗೆ ಆನಿಸಿ ನಿಲ್ಲಿಸಿದ್ರು.

ಪ್ರತಿಯೊಂದು ರೋಗದ ಚುಕ್ಕಿ ಮ್ಯಾಲೂ ಒಂದೊಂದು ಪೆನ್ಸಿಲ್ ಗುರ್ತು. ಮೊದಲ ವಾರದ ಗಾಜಿನ್ಯಾಗ ಅಲ್ಲೊಂದು ಇಲ್ಲೊಂದು, ಮುಂದಿನದರಾಗ ಗುಂಪು, ಅದರ ಮುಂದಿನದರಾಗ ಜಾತ್ರಿ. ಚುಕ್ಕಿ ಎಲ್ಲಿ ಹುಟ್ಟೇತಿ, ಯಾವ ನರಾ ಹಿಡದು ಎತ್ತ ನಡದೈತಿ, ಎಲ್ಲಾ ನಕಾಶಿ ತಗದಂಗ ಕುಂತಿತ್ತು. ಚುಕ್ಕಿ ಅಳಸಾಕ ಹೋದ ಗುದ್ಲೆಪ್ಪ ಚುಕ್ಕಿಯ ಚರಿತ್ರಿ ಬರದಿದ್ದ.

“ಗುದ್ಲೆಪ್ಪಾ!” ಅಂತ ಚೀರಿದ್ರು ಪ್ರೊಫೆಸರ್. “ಈ ಚುಕ್ಕಿ ಲೆಕ್ಕ ಮಾಡೂದ್ರಾಗಽ ನನ್ನ ಕಣ್ಣು ಸೋತು ಹೋಗಿದ್ದವು! ನೀನು ಸುಳ್ಳು ಫೋಟೋ ಕಳಿಸಿದಿ, ಆದ್ರ ಖರೇ ಪ್ಲೇಟು ಇಟ್ಟುಕೊಂಡಿ! ಇದು ಹೊಸಾ ಪದ್ಧತಿ! ಇದಕ್ಕ ನಾನು ಹೆಸರು ಇಡತೇನಿ, ಸವಣೂರು ಪದ್ಧತಿ!”

ಎದ್ದವರಽ ಗುದ್ಲೆಪ್ಪನ್ನ ಅಪ್ಪಿಕೊಂಡ್ರು. ಗುದ್ಲೆಪ್ಪನ್ನ ಮನಷ್ಯಾರು ಅಳಲಾರದಽ ಅಪ್ಪಿಕೊಂಡದ್ದು ಅದಽ ಪಹಿಲೆ ಸರ್ತೆ. ಅಂವ ರೂಢಿ ಪ್ರಕಾರ ಅವರ ಬೆನ್ನು ಸವರಿ, “ಸಮಾಧಾನ ಮಾಡಿಕೋರಿ, ಎಲ್ಲಾ ದೇವರ ಇಚ್ಛಾ,” ಅಂದ ಬಿಟ್ಟ.

ಮುಂದಿಂದೆಲ್ಲಾ ದೀಪಾವಳಿ. ಪುಣೆಯಿಂದ ಶಿಫಾರಸು ಮುಂಬೈಗೆ ಹೋತು. ಹುದ್ದೆ ಗುದ್ಲೆಪ್ಪಂದಽ ಅಂತ ಪ್ರೊಫೆಸರ್ ಬರದ್ರು. ಹಾನಗಲ್ಲಿಂದ ಒಂದು ಮನಿತನ, ಅಜ್ಜಾ ಗಟ್ಟಿಮುಟ್ಟ ಇರೂವಾಗಽ, ಗುದ್ಲೆಪ್ಪನ ಕಡೆ ಫೋಟೋ ತೆಗಿಸಿಕೊಳ್ಳಾಕ ಬಂದು ಹೋತು. ಅಜ್ಜಾ ನಕ್ಕಿದ್ದ, ನಕ್ಕದ್ದು ಫೋಟೋದಾಗ ಹೊಗಿ ಆಗಿತ್ತು, ಆದ್ರೂ ಅದು ನಗಿಯಽ. ‘ಸಂಶೋಧಕ ಸಾಹೇಬ್ರು’ ಅಂತ ಮಾಳಪ್ಪ ಕರದಾಗ ಗುದ್ಲೆಪ್ಪ ಯಾರನ್ನ ಕರದನೋ ಅಂತ ಹಿಂದ ತಿರಗಿ ನೋಡಿದ.

ಅಷ್ಟರಾಗ ಮುಂಬೈ ಮಂಡಳಿ ಒಂದು ಅಡ್ಡ ಪ್ರಶ್ನಿ ಹಾಕ್ತು. ಪ್ರೊಫೆಸರ್ ಅದನ್ನ ಕೈಯಾಗ ಹಿಡಕೊಂಡಽ ಓಡಿ ಬಂದ್ರು. ಮಂಡಳಿ ಇರೂದು ಆಹಾರ ಬೆಳಿಗೆ. ಆಹಾರ ಅಂದ್ರ ಜಗದು ನುಂಗೂದು. ವೀಳ್ಯದೆಲಿ ಜಗದು ಉಗಳೂದು ಅಂತ ಯಾರೋ ಕಾರಕೂನ ಟಿಪ್ಪಣಿ ಹಾಕಿದ್ದ. ಉಗಳೂದರ ಸಂಶೋಧನಾಕ್ಕ ಮಂಡಳಿ ದುಡ್ಡು ಕೊಡಾಂಗಿಲ್ಲ.

“ಅದಕ್ಕ ಒಬ್ಬ ಸಾಹೇಬ ಖುದ್ದು ತಪಾಸಣಾಕ್ಕ ಬರತಾನ,” ಅಂದ್ರು ಪ್ರೊಫೆಸರ್. “ಒಂದು ದಿವಸ ಪೂರಾ ಈ ಊರಾಗ ಇರತಾನ. ಮಂದಿ ನುಂಗಿದ್ರ ಎಲಿ ಆಹಾರ, ಹುದ್ದೆ ಖಾಯಂ. ಅವನ ಕಣ್ಣಿಗೆ ಒಂದಽ ಒಂದು ಉಗಳು ಬಿತ್ತಂದ್ರ, ಎಲಿ ಚಟ. ಹುದ್ದೆ ರದ್ದು. ನಿಯಮ ಹಂಗ ಬರದದ.”

ಎಲ್ಲಾರೂ ಮಹಾಲಿಂಗಪ್ಪನ ಕಡೆ ನೋಡಿದ್ರು. ಕಟ್ಟಿ ಮ್ಯಾಲೆ ಕುಂತು ಬೀದಿ ಆಚೆಯ ಬೇವಿನ ಗಿಡದ ಗಂಟಿಗೆ ಗುರಿ ತಪ್ಪಲಾರದಂಗ ಉಗಳಾಂವ ಅಂತ ಅವನ ಖ್ಯಾತಿ ಶಿಗ್ಗಾವಿತನಕ ಇತ್ತು.

ಮಹಾಲಿಂಗಪ್ಪ ಗಂಟಲು ಸರಿ ಮಾಡಿಕೊಂಡ. “ಗುದ್ಲೆಪ್ಪಾ, ನಮ್ಮಪ್ಪನ್ನ ನೀ ಜೀವಂತ ತಗದಾಂವ. ನಿನಗಾಗಿ ಒಂದು ದಿವಸ ನುಂಗತೇನಿ.”

ಮಾಳಪ್ಪನ ಹಲಗಿ ಮತ್ತ ಎದ್ದಿತು. ಗುದ್ಲೆಪ್ಪ ಮನಿ ಮನಿಗೂ ಹೋಗಿ ಕೈಮುಗದ. ಇಷ್ಟು ವರ್ಷ ಅಂವ ಬಾಗಲಕ್ಕ ಬಂದ್ರ ಎದಿ ಒಡಕೋತಿದ್ದ ಮಂದಿ, “ನುಂಗತೇವಿ ಬಿಡೋ, ಅದೇನು ವಿಷಾ ಅಲ್ಲ,” ಅಂತ ಮಾತು ಕೊಟ್ರು. ಮರಿಯಮಬಿ ನಕ್ಲು: “ಮಂದಿ ನೌಕರಿ ಸರಕಾರದ ಕೈಯಾಗ ಇರತೈತಿ, ನಿಂದು ನಮ್ಮ ಹೊಟ್ಟಿಯಾಗ ಐತಲ್ಲೋ!” ಕೆಂಪಾಗಿದ್ದ ಗ್ವಾಡಿಗೆಲ್ಲಾ ಸುಣ್ಣ ಬಳದ್ರು. ಗ್ವಾಡಿಗೆ ಬಳದು ಬಳದು ಎಲಿಗೆ ಹಚ್ಚಾಕ ಸುಣ್ಣ ಉಳೀಲಿಲ್ಲ. ಬೆಳ್ಳಗಿನ ಗ್ವಾಡಿಯಿಂದಽ ಉಗರಲೆ ಕೆರಕೊಂಡು ಎಲಿಗೆ ಹಚ್ಚಿಕೊಂಡ್ರು.

ಸಾಹೇಬ ಬಂದ. ದುಂಡಗಿನ ಮಾರಿ, ಶಾಂತ ಮನಷ್ಯಾ, ಕೈಯಾಗ ಒಂದು ಛತ್ರಿ. ಪ್ಯಾಟಿ ತುಂಬ ಅಡ್ಡಾಡಿದ. ಎಲ್ಲೆಲ್ಲೂ ಮಂದಿ ಎಲಿ ಜಗದು, ಕಣ್ಣು ಮುಚ್ಚಿ, ಗುಟುಕು ಗುಟುಕು ನುಂಗಾಕತ್ತಿದ್ರು. ಮಧ್ಯಾಹ್ನ ಆಗೂದ್ರಾಗ ಅರ್ಧ ಊರಿಗೆ ಬಿಕ್ಕಳಿಕಿ ಹತ್ತಿತ್ತು. ಮಸೂತಿ ಮುಂದ ಒಂದು ಬಿಕ್ಕು ಎದ್ರ ಮಠದ ಓಣ್ಯಾಗ ಅದಕ್ಕ ಉತ್ತರ ಬರತಿತ್ತು. ಮಹಾಲಿಂಗಪ್ಪ ಕಟ್ಟಿ ಮ್ಯಾಲೆ ಕುಂತಿದ್ದ, ಎರಡೂ ಗಲ್ಲ ಉಬ್ಬಿದ್ದವು, ಕಣ್ಣೀರು ಸುರೀತಿತ್ತು.

“ಇವರಿಗೆ ಏನಾಗೇದ?” ಅಂತ ಕೇಳಿದ ಸಾಹೇಬ.

“ಊಟ ಮಾಡಾಕತ್ತಾರರಿ,” ಅಂದ ಗುದ್ಲೆಪ್ಪ.

ಮಹಾಲಿಂಗಪ್ಪ ಬೇವಿನ ಗಿಡದ ಕಡೆ ಒಮ್ಮಿ ನೋಡಿದ. ಗುದ್ಲೆಪ್ಪನ ಕಡೆ ನೋಡಿದ. ಕಣ್ಣು ಗಟ್ಟಿ ಮುಚ್ಚಿ, ಗಟಕ್ ಅಂತ ನುಂಗಿಬಿಟ್ಟ. ಓಣಿಗೆ ಓಣಿ ಉಸಿರು ಬಿಡ್ತು. ಸಾಹೇಬ ತನ್ನ ಕಾಗದದಾಗ ಏನೋ ಬರಕೊಂಡು, “ಉತ್ತಮ! ನಾನು ಇದನ್ನ ಕಣ್ಣಾರೆ ನೋಡಿದೆ. ಇದು ಆಹಾರನಽ,” ಅಂದ.

ಹೊತ್ತು ಮುಳಗಾಕ ಬಂತು. ಸ್ಟುಡಿಯೋದ ಪಡಸಾಲ್ಯಾಗ ಸಾಹೇಬನ್ನ ಕುಂಡ್ರಿಸಿದ್ರು. ಪ್ರೊಫೆಸರರು ಪ್ಲೇಟು ತೋರಿಸಿದ್ರು, ಸವಣೂರು ಪದ್ಧತಿ ಹೇಳಿದ್ರು. ಸಾಹೇಬ ಬಾಯಿ ತುಂಬ ಹೊಗಳಿ ಪೆನ್ನು ತಗದ. ಮನಿಗೆ ಬಂದಾವ್ರನ್ನ ಬರಿಗೈಲೆ ಕಳಸೂದು ಸುಶೀಲವ್ವನ ಮನಿತನದಾಗ ಇರಲಿಲ್ಲ. ಮಹಾಲಿಂಗಪ್ಪನ ತ್ವಾಟದ ಎಳೇ ಎಲಿ, ಬಿಳಿ ಅಡಿಕಿ, ಯಾಲಕ್ಕಿ, ಕಾಚು ಹಾಕಿ ಒಂದು ಎಲಿಪಟ್ಟಿ ಕಟ್ಟಿ ತಾಟಿನ್ಯಾಗ ತಂದು ಇಟ್ಲು. ಸಾಹೇಬ ಬಾಯಾಗ ಇಟ್ಟುಕೊಂಡ. ಜಗದ. “ಆಹಾ,” ಅಂದ. ಇನ್ನೊಂದೀಟು ಜಗದ. ಸಹಿ ಮಾಡಾಕ ಬಗ್ಗಿದ. ಬಗ್ಗಿದಾಗ ಬಾಯಿ ತುಂಬಿತ್ತು. ಎದ್ದ, ಕಿಡಕಿಗೆ ಹೋದ, ಥೂ ಅಂತ ಉಗಳಿದ, ಬಂದು ಕುಂತ.

ಕಿಡಕಿ ಹೊರಗ ಬೆಳ್ಳಗ ಸುಣ್ಣ ಬಳದ ಗ್ವಾಡಿ ಮ್ಯಾಲೆ ಒಂದು ಕೆಂಪು ಹೂವು ಅರಳಿತ್ತು.

ಸಾಹೇಬ ಪೆನ್ನು ಎತ್ತಿದಾಂವ ಅರ್ಧಕ್ಕಽ ತಡದ. ಮೆಲ್ಲಕ ತಿರಗಿ ಕಿಡಕಿ ನೋಡಿದ.

“ಅಯ್ಯೋ,” ಅಂದ. “ಉಗಳು.”

“ಸಾಹೇಬ್ರ, ಅದು ನಿಮ್ಮದಽರಿ!” ಅಂದ ಗುದ್ಲೆಪ್ಪ.

“ಹೌದು, ಅದಕ್ಕಽ ನನಗ ಖಾತ್ರಿ ಅದ.” ಸಾಹೇಬನ ಮಾರಿ ಸಣ್ಣದಾಗಿತ್ತು. ಅಂವ ಖರೇನಽ ನೊಂದಿದ್ದ.

“ಊರ ಮಂದಿ ಯಾರೂ ಉಗಳಿಲ್ಲರಿ! ಮುಂಜಾನಿಂದ ಬಿಕ್ಕಿ ಬಿಕ್ಕಿ ನುಂಗ್ಯಾರ!”

“ಗುದ್ಲೆಪ್ಪನವರ, ಯಾರ ಉಗಳು ಅಂತ ನಿಯಮದಾಗ ಬರದಿಲ್ಲ. ಅಧಿಕಾರಿ ಕಣ್ಣಿಗೆ ಬೀಳಬೇಕು, ಅಷ್ಟ. ಬಿದ್ದದ. ನಾನು ನೋಡಿಲ್ಲ ಅಂದ್ರ ಸುಳ್ಳಾಗತದ.”

“ಒಂದು ಪೆನ್ಸಿಲ್ ಕೊಡ್ರಿ, ತಿದ್ದಿ ಬಿಡತೇನಿ!” ಅಂತ ಗುದ್ಲೆಪ್ಪ ಕಿಡಕಿ ಕಡೆ ಓಡಿದ್ದ. ಪ್ರೊಫೆಸರರು ಅವನ ಅಂಗಿ ಚುಂಗು ಹಿಡದು ನಿಂದರಿಸಿದ್ರು. ಅವರು ನಗಾಕತ್ತಿದ್ರೋ ಅಳಾಕತ್ತಿದ್ರೋ ತಿಳೀವಲ್ದಾಗಿತ್ತು, ಭುಜ ಮಾತ್ರ ಕುಣೀತಿದ್ದವು.

ಸಾಹೇಬ ಬರದ. ಎಲಿ ಆಹಾರ ಅಲ್ಲ. ಹುದ್ದೆ ಮಂಜೂರಿಲ್ಲ. ಸಹಿ ಹಾಕಿ, ಒಣಗಲಿ ಅಂತ ಊದಿದ. ಕಾಗದ ಮಡಚಿ ಕಿಸೆಕ್ಕ ಹಾಕ್ಕೊಂಡ. ಆಮ್ಯಾಲೆ ತಾಟಿನ ಕಡೆ ನೋಡಿ, ಭಾಳ ಸಂಕೋಚ ಪಟ್ಟುಕೋಂತ, “ಅಕ್ಕಾರ, ಎಲಿ ಭಾಳ ಚೊಲೋ ಅದ. ಇನ್ನೊಂದು ಕಟ್ಟತೀರೇನು?” ಅಂದ.